ತಾರ್ಸರ್-ಮಾರ್ಸರ್ ನಡುವಿನ ಬೆಟ್ಟ: 'ಕೆರೆ ನೋಡ್ಕೊಂಡು ಇಳಿದರಾಯ್ತು' ಅಂದವರಿಗೆ

ಉಪ್ಪಳದವರೇ, ಕಾಶ್ಮೀರದ ತಾರ್ಸರ್, ಮಾರ್ಸರ್ ಕೆರೆಗಳ ಚಾರಣಕ್ಕೆ ನೀವು ಹಾಕಿದ ಪ್ಲಾನ್ ಓದಿದೆ. ಪಹಲ್ಗಾಮ್ ಹತ್ತಿರದ ಆರೂ ಹಳ್ಳಿಯಿಂದ ಹೊರಟು ಎರಡನೇ ದಿನಕ್ಕೇ ತಾರ್ಸರ್ ಕ್ಯಾಂಪ್. ಅವತ್ತೇ ಊಟ ಮುಗಿಸಿ ತಾರ್ಸರ್, ಮಾರ್ಸರ್ ನಡುವಿನ ಬೆಟ್ಟದ ನೆತ್ತಿಗೆ. ಕತ್ತಲಾಗುವ ಮೊದಲು ವಾಪಸು. ಗೈಡ್ ಬೇಡ, 'ಮೇಲಿಂದ ಕೆರೆ ಕಾಣುತ್ತಲ್ಲ, ಕೆರೆ ನೋಡ್ಕೊಂಡು ಇಳಿದರಾಯ್ತು' ಅಂತ ಬರೆದಿದ್ದೀರಿ. ಆ ಸಾಲು ಓದಿ ಸುಮ್ನೆ ಕೂರಲು ಆಗಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ಇದೇ ಮಾತು ಹೇಳಿಕೊಂಡು ಹತ್ತಿದವನು ನಾನು.

ಕೆರೆ ಎರಡಿದೆ ಮಾರಾಯ್ರೆ. ಬೆಟ್ಟದ ಆಚೆಗೊಂದು, ಈಚೆಗೊಂದು. ಎರಡೂ ಹೆಚ್ಚುಕಡಿಮೆ 3,800 ಮೀಟರ್ ಎತ್ತರದಲ್ಲಿವೆ. ಎರಡರ ಸುತ್ತಲೂ ಅದೇ ಹುಲ್ಲು, ಅದೇ ಕಲ್ಲು. ಬಿಸಿಲಿದ್ದಾಗ ಗೊಂದಲ ಇಲ್ಲ. ಮಂಜು ಮುಚ್ಚಿದಾಗ ಎಲ್ಲಿಂದ ಹತ್ತಿ ಬಂದೆವು ಅನ್ನುವುದೇ ತಿಳಿಯುವುದಿಲ್ಲ.

ನಾವು ಮೂವರು ನೆತ್ತಿ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ ಕಳೆದಿತ್ತು. ಕೂತು ಅವಲಕ್ಕಿ ತಿಂದೆವು, ಅತ್ತಿತ್ತ ಓಡಾಡಿ ಫೋಟೊ ತೆಗೆದೆವು. ಹತ್ತು ನಿಮಿಷದಲ್ಲಿ ಮಾರ್ಸರ್ ಕಡೆಯಿಂದ ಮಂಜು ಎದ್ದು ಬಂತು. ಹತ್ತು ಹೆಜ್ಜೆ ಮುಂದೆ ಇದ್ದವನು ಕಾಣಲಿಲ್ಲ. ಕಾದೆವು. ಒಂದು ಅರೆ ನಿಮಿಷ ಮಂಜು ಹರಿದು ಕೆಳಗೆ ಕಪ್ಪು ನೀಲಿ ನೀರು ಕಂಡಿತು. 'ಅಗೋ ನಮ್ಮ ಕೆರೆ' ಅಂತ ಇಳಿದೇ ಬಿಟ್ಟೆವು. ಕಾಲುದಾರಿಯೂ ಸಿಕ್ಕಿತು. ಅದು ಮನುಷ್ಯರ ದಾರಿ ಅಲ್ಲ, ಕುರಿ ದಾರಿ. ಅಲ್ಲಿ ಕುರಿ ಮೇಯಿಸುತ್ತ ಅಲೆಯುವ ಬಕರ್ವಾಲರ ಕುರಿಗಳು ಬೆಟ್ಟದ ಮೈಮೇಲೆಲ್ಲ ದಾರಿ ಮಾಡಿಟ್ಟಿವೆ, ಅದನ್ನು ನಂಬಬೇಡಿ.

ಮುಕ್ಕಾಲು ಗಂಟೆ ಇಳಿದ ಮೇಲೆ ಒಂದು ಸಣ್ಣ ತೋಡು. ಅಲ್ಲಿ ಕುರಿ ಕಾಯುವ ಹಿರಿಯರೊಬ್ಬರು. ಟೆಂಟ್ ತಾರ್ಸರಿನಲ್ಲಿ ಅಂದೆವು. ಅವರು ಕೋಲನ್ನು ನೀರಿಗೆ ಅದ್ದಿ ಹರಿಯುವ ದಿಕ್ಕಿಗೆ ತೋರಿಸಿ, ಈ ನೀರು ದಾಚಿಗಾಮ್‌ಗೆ ಹೋಗುತ್ತದೆ ಅಂದರು. ಆಮೇಲೆ ಅದೇ ಕೋಲು ಎತ್ತಿ ನಾವು ಇಳಿದು ಬಂದ ಬೆಟ್ಟವನ್ನೇ ತೋರಿಸಿದರು. ಕೋಲಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅದು ಇನ್ನೂ ಕಣ್ಣಿಗೆ ಕಟ್ಟಿದ ಹಾಗೆ ಇದೆ.

ಮಾರ್ಸರಿನ ನೀರು ದಾಚಿಗಾಮ್ ಕಾಡಿನೊಳಗೆ ಹರಿದು ಶ್ರೀನಗರದ ದಾಲ್ ಸರೋವರದ ಕಡೆಗೆ ಹೋಗುತ್ತದೆ. ತಾರ್ಸರಿನದು ಲಿದ್ದರ್ ನದಿಗೆ. ನಮ್ಮ ಕೊಡಗಿನ ಬೆಟ್ಟದಲ್ಲಿ ಆಚೆ ಬಿದ್ದ ಮಳೆ ಕಾವೇರಿಗೆ, ಈಚೆ ಬಿದ್ದದ್ದು ಚಂದ್ರಗಿರಿ ಹೊಳೆಗೆ, ಹಾಗೆಯೇ. ತಪ್ಪು ಕಡೆ ಇಳಿದರೆ ಬರೀ ಅರ್ಧ ಗಂಟೆಯ ತಪ್ಪಲ್ಲ, ಬೇರೆಯೇ ಕಣಿವೆ. ನಿಮ್ಮ ಟೆಂಟ್, ಊಟ, ಹೊದಿಕೆ ಎಲ್ಲ ಬೆಟ್ಟದ ಆಚೆ. ಅದೇ ಇಳಿಜಾರನ್ನು ಮತ್ತೆ ಹತ್ತಿ ಕ್ಯಾಂಪ್ ಸೇರುವಾಗ ರಾತ್ರಿ ಒಂಬತ್ತು. ಇಪ್ಪತ್ತು ಹೆಜ್ಜೆ, ನಿಲ್ಲು, ಮತ್ತೆ ಇಪ್ಪತ್ತು ಹೆಜ್ಜೆ. ಮೂವರಿಗೆ ಒಂದು ಮೊಬೈಲ್ ಲೈಟ್.

ನಾವು ಕರಾವಳಿಯವರು ದಿಕ್ಕು ಕಲಿತೇ ಇಲ್ಲ ಅಂತ ಆಮೇಲೆ ಅನ್ನಿಸಿತು. ನಮ್ಮ ಕಾಸರಗೋಡಿನ ಪೊಸಡಿ ಗುಂಪೆ ಬೆಟ್ಟದ ಮೇಲೆ ನಿಂತರೆ ಸಮುದ್ರ ಕಂಡ ಕಡೆ ಪಡು, ಅಲ್ವಾ? ಯೋಚನೆಯೇ ಬೇಡ. ಅಲ್ಲಿ ಸಮುದ್ರ ಇಲ್ಲ. ಈಗ ಹತ್ತುವ ಮೊದಲು ಕೆಳಗೇ ನಿಂತು ದಿಕ್ಸೂಚಿ ನೋಡಿ, ಎಡ ಮಣಿಕಟ್ಟಿನ ಮೇಲೆ ಬಾಲ್ ಪೆನ್ನಿನಲ್ಲಿ ಬರೆದುಕೊಳ್ಳುತ್ತೇನೆ. ಈ ಬೆಟ್ಟಕ್ಕಾದರೆ 'ಟೆಂಟ್ ಮೂಡು' ಅಂತ, ಯಾಕೆಂದರೆ ತಾರ್ಸರ್ ಮೂಡಲಿಗೆ, ಮಾರ್ಸರ್ ಪಡುವಣಕ್ಕೆ. ಮೊಬೈಲಿನ ದಿಕ್ಸೂಚಿ ಸಾಲದು, ಚಳಿಗೆ ಬ್ಯಾಟರಿ ಕೂತುಬಿಡುತ್ತದೆ. ಮೊಬೈಲನ್ನು ಒಳ ಅಂಗಿಯ ಕಿಸೆಯಲ್ಲಿ ಮೈಗೆ ತಾಗಿಸಿ ಇಡಿ. ಸೂಜಿಯ ದಿಕ್ಸೂಚಿ ಒಂದು ಇರಲಿ, ಹತ್ತಿರ ಮೊಬೈಲ್ ಇಟ್ಟು ನೋಡಬೇಡಿ, ಸೂಜಿ ಎಳೆಯುತ್ತದೆ.

ಇನ್ನೊಂದು. ಹದಿನೈದು ನಿಮಿಷಕ್ಕೊಮ್ಮೆ ನಿಂತು ಹಿಂದೆ ತಿರುಗಿ. ಬರೀ ತಿರುಗುವುದಲ್ಲ, ಬಂದ ದಾರಿಯ ಫೋಟೊ ತೆಗೆಯಿರಿ. ಇಳಿಯುವಾಗ ಕಾಣುವುದು ಆ ಮುಖ, ಹತ್ತುವಾಗ ಕಂಡದ್ದಲ್ಲ. ಒಂಟಿ ಬಂಡೆ, ಹಿಮದ ಪಟ್ಟಿ, ತೋಡು ದಾಟಿದ ಜಾಗ, ಇವು ಬರಲಿ. ನೆತ್ತಿ ಮುಟ್ಟಿದ ಕೂಡಲೇ ಚೀಲವನ್ನು ಬಂದ ದಾರಿಯ ಬಾಯಲ್ಲೇ ಇಡಿ, ಆಮೇಲೆ ಓಡಾಡಿ. ನಾನು ನಮ್ಮೂರ ಕಡೆಯ ರಾಣಿಪುರ ಬೆಟ್ಟಕ್ಕೆ ಹೋದರೂ ಹೀಗೇ ಮಾಡುತ್ತೇನೆ. ಜೊತೆಗೆ ಬಂದವರಿಗೆ ಬೇಜಾರಾಗುತ್ತದೆ, ಆಗಲಿ.

ಮಧ್ಯಾಹ್ನ ಹತ್ತುವುದು ಬೇಡವೇ ಬೇಡ. ಬೆಳಗ್ಗೆ ಐದಕ್ಕೆ ಹೊರಡಿ. ಹನ್ನೊಂದಕ್ಕೆ ಎಲ್ಲಿದ್ದರೂ ತಿರುಗಿ, ನೆತ್ತಿ ನೂರು ಮೀಟರ್ ಇದ್ದರೂ. ಮಾರ್ಸರ್ ಮೇಲೆ ಮಂಜು ಜಾಸ್ತಿ, ಬೆಳಗ್ಗೆ ಹೋದರೂ ಕಾಣುತ್ತದೆ ಅಂತ ಭರವಸೆ ಇಲ್ಲ. ಗುಡುಗಿನ ಸದ್ದು ಕೇಳಿದರೆ ಏಣಿನ ಮೇಲೆ ನಿಲ್ಲಬೇಡಿ. ಮೇ ತಿಂಗಳ ಸಂಜೆ ಸಿಡಿಲು ಏನು ಮಾಡುತ್ತದೆ ಅಂತ ತೆಂಗಿನ ತೋಟ ಇರುವವರಿಗೆ ಹೇಳಬೇಕಾಗಿಲ್ಲ.

ಎರಡನೇ ದಿನಕ್ಕೇ ತಾರ್ಸರ್ ಅನ್ನುವುದನ್ನೂ ಬಿಡಿ. ಆರೂ ಸುಮಾರು 2,400 ಮೀಟರ್. ನಮ್ಮ ಮನೆ ಸಮುದ್ರ ಮಟ್ಟದಲ್ಲಿ. 4,000 ಮೀಟರ್ ಹತ್ತಿರ ಗಾಳಿಯ ಒತ್ತಡ ಇಲ್ಲಿಯದರ ನೂರರಲ್ಲಿ ಅರುವತ್ತು ಭಾಗ ಮಾತ್ರ. ಆರೂವಿನಲ್ಲಿ ಒಂದು ದಿನ ಜಾಸ್ತಿ ಇರಿ, ಆಮೇಲೆ ದಾರಿಯ ಕ್ಯಾಂಪುಗಳಾದ ಲಿದ್ದರ್‌ವಟ್, ಶೇಕ್‌ವಾಸ್, ಒಂದೊಂದು ರಾತ್ರಿ. ದಿನಾ ಗದ್ದೆ ಕೆಲಸ ಮಾಡುವ ಗಟ್ಟಿ ಆಳಿಗೂ ಎತ್ತರದ ಕಾಯಿಲೆ ಹಿಡಿಯುತ್ತದೆ. ನಮ್ಮಲ್ಲಿ ಒಬ್ಬನಿಗೆ ಬೆಳಗ್ಗೆಯೇ ತಲೆನೋವಿತ್ತು, ಹೇಳಲಿಲ್ಲ. ರಾತ್ರಿ ವಾಂತಿ. ತಲೆನೋವು ಬಂದರೆ ಮುಚ್ಚಿಡಬಾರದು ಅಂತ ಮೊದಲೇ ಮಾತಾಡಿಕೊಳ್ಳಿ. ಕಡಿಮೆಯಾಗದಿದ್ದರೆ ಕೆಳಗೆ ಇಳಿಯುವುದೇ ಮದ್ದು. ಎತ್ತರದ ಕಾಯಿಲೆಗೆ ಕೊಡುವ ಡೈಮಾಕ್ಸ್ ಮಾತ್ರೆಯ ಬಗ್ಗೆ ಯಾರೋ ಕೇಳಿದ್ದರು. ಡಾಕ್ಟರಲ್ಲಿ ಕೇಳದೆ ನುಂಗಬೇಡಿ, ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ.

ಶೂ ವಿಷಯ. ಕೆಚುವಾ ಕಂಪನಿಯ ಕಣಕಾಲು ಮುಚ್ಚುವ ಶೂ ನನಗೆ ಸಾಕಾಗಿದೆ, ಗೋರ್‌ಟೆಕ್ಸ್ (ನೀರು ಒಳಗೆ ಬಿಡದ ಬಟ್ಟೆ) ಅಂತ ದುಡ್ಡು ಸುರಿಯಬೇಕಾಗಿಲ್ಲ. ಆದರೆ ಹೊಸ ಶೂ ಹಾಕಿಕೊಂಡು ರೈಲು ಹತ್ತಬೇಡಿ, ಒಂದು ತಿಂಗಳು ಗುಡ್ಡ ಹತ್ತಿ ಪಳಗಿಸಿ. ತಲೆಗೆ ಕಟ್ಟುವ ಲೈಟ್ ಒಬ್ಬೊಬ್ಬರಿಗೆ ಒಂದು. ರಬ್ಬರ್ ಟ್ಯಾಪಿಂಗಿನವರು ಕಟ್ಟುವುದು ಬೆಳಕು ಚೆನ್ನಾಗಿದೆ, ಆದರೆ ಬ್ಯಾಟರಿ ಭಾರ. ಸಣ್ಣದು ತಗೊಳ್ಳಿ.

ನಮ್ಮ ಊರಿನ ಪ್ರಿಪೇಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಡ್ ಬೇಕು, ಆರೂ ಬಿಟ್ಟ ಮೇಲೆ ಅದರ ಆಸೆಯನ್ನೂ ಬಿಡಿ. 2025ರ ಏಪ್ರಿಲಿನ ಉಗ್ರರ ದಾಳಿ ಆದ ಮೇಲೆ ಪಹಲ್ಗಾಮ್ ಸುತ್ತ ಎಷ್ಟೋ ಜಾಗ ಮುಚ್ಚಿ, ಹಂತಹಂತವಾಗಿ ತೆರೆದಿದ್ದಾರೆ. ಟಿಕೆಟ್ ಮಾಡುವ ಮೊದಲು ಈ ದಾರಿಗೆ ಬಿಡುತ್ತಾರಾ ಅಂತ ಆರೂವಿನ ಗೈಡ್ ಒಬ್ಬರಲ್ಲಿ ವಿಚಾರಿಸಿ. ಆ ಗೈಡನ್ನೇ ಜೊತೆಗೆ ಕರಕೊಂಡು ಹೋಗಿ ಮಾರಾಯ್ರೆ, ಆ ಖರ್ಚು ಉಳಿಸಬೇಡಿ. ಆಧಾರ್ ಕಾರ್ಡಿನ ನಾಲ್ಕು ಜೆರಾಕ್ಸ್ ಇರಲಿ, ಪ್ಲಾಸ್ಟಿಕ್ ಕವರಿನಲ್ಲಿ.