ಕೊಲೆ ಕಥೆ, ಯುದ್ಧದ ಸುದ್ದಿ, ತಾತನ ಸ್ಟಾಂಪ್ ಡಬ್ಬಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಮೈಸೂರು, ಮಂಡ್ಯ ಕಡೆಯಿಂದ ಬಂದಿರೋ ಪತ್ರಗಳನ್ನ ಒಟ್ಟಿಗೆ ಇಟ್ಕೊಂಡು ಓದಿದ್ರೆ ಎಲ್ಲರ ಮನಸ್ಸಲ್ಲೂ ಹೆಚ್ಚುಕಮ್ಮಿ ಒಂದೇ ಕಸಿವಿಸಿ. ಪ್ರಪಂಚದಲ್ಲಿ ಇಷ್ಟೆಲ್ಲಾ ಆಗ್ತಿರುವಾಗ ನಾವು ನಮ್ಮ ಪುಸ್ತಕ, ನಮ್ಮ ಹವ್ಯಾಸ ಅಂತ ಇರಬಹುದಾ ಅಂತ. ಅಡುಗೆ, ಆಸ್ತಿ, ಮದುವೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ತಗೊಂಡಿದ್ದೀನಿ.

ಪ್ರಶ್ನೆ: ನಾನು ರಿಟೈರ್ಡ್ ಟೀಚರ್. ಮಧ್ಯಾಹ್ನ ಊಟ ಆದ್ಮೇಲೆ ಪತ್ತೇದಾರಿ ಕಾದಂಬರಿ ಓದೋದು ಮೊದಲಿಂದ ಇರೋ ಅಭ್ಯಾಸ. ಈಚೆಗೆ ಟಿವೀಲಿ ಬಾಂಬು, ಮಕ್ಕಳು ಸಾಯೋದು ಎಲ್ಲಾ ನೋಡ್ಬಿಟ್ಟು ಆಮೇಲೆ ಕೊಲೆ ಕಥೆ ಖುಷಿಯಾಗಿ ಓದೋಕೆ ಮನಸ್ಸು ಒಪ್ತಿಲ್ಲ. ಹೀಗೆ ಓದೋದು ತಪ್ಪಾ? (ಒಬ್ಬ ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ತಪ್ಪಲ್ಲ ಮೇಡಂ, ಖಂಡಿತಾ ತಪ್ಪಲ್ಲ. ಹಾಗಂತ ನಿಮಗಾಗ್ತಿರೋ ಸಂಕಟ ಏನೂ ಅಲ್ಲ ಬಿಡಿ ಅಂತಲೂ ನಾನು ಹೇಳಲ್ಲ, ಯಾವುದೋ ದೇಶದ ಮಗುವಿಗಾಗಿ ಕುವೆಂಪುನಗರದಲ್ಲಿ ಕೂತಿರೋ ನಿಮ್ಮ ಕರುಳು ಚುರ್ ಅಂತಿದೆ ಅಂದ್ರೆ ಅದು ದೊಡ್ಡ ವಿಷಯ, ಅದನ್ನ ಕಳ್ಕೋಬೇಡಿ.

ಆದ್ರೆ ನೀವು ಓದೋ ಈ ಕಥೆಗಳು ಎಲ್ಲಿಂದ ಬಂದ್ವು ಅಂತ ಒಂದ್ಸಲ ನೋಡಿ. ಅಗಾಥಾ ಕ್ರಿಸ್ಟಿ ಮೊದಲ ಪತ್ತೇದಾರಿ ಕಾದಂಬರಿ ಬರೆದಿದ್ದು 1916ರಲ್ಲಿ, ಒಂದನೇ ಮಹಾಯುದ್ಧ ಜೋರಾಗಿ ನಡೀತಿದ್ದಾಗ. ಆಕೆ ಇಂಗ್ಲೆಂಡಿನ ಟಾರ್ಕಿ ಊರಿನ ಆಸ್ಪತ್ರೇಲಿ ಗಾಯಗೊಂಡ ಸೈನಿಕರ ಸೇವೆ ಮಾಡ್ತಿದ್ರು, ಆಮೇಲೆ ಅಲ್ಲೇ ಔಷಧಿ ಕೊಡೋ ಡಿಸ್ಪೆನ್ಸರಿಗೆ ಸೇರಿದ್ರು, ಯಾವ ವಿಷ ಎಷ್ಟು ತೊಟ್ಟಿಗೆ ಏನು ಮಾಡುತ್ತೆ ಅನ್ನೋದು ಕಲ್ತಿದ್ದು ಅಲ್ಲೇ. 1914ರಲ್ಲಿ ಜರ್ಮನಿ ಬೆಲ್ಜಿಯಂ ಮೇಲೆ ನುಗ್ಗಿದಾಗ ಮನೆಮಠ ಬಿಟ್ಟು ಓಡಿಬಂದ ಬೆಲ್ಜಿಯಂ ಜನ ಟಾರ್ಕೀಲೂ ಇದ್ರು, ಅವರನ್ನ ನೋಡಿಯೇ ಆಕೆ ತನ್ನ ಪತ್ತೇದಾರನನ್ನ ಬೆಲ್ಜಿಯಂನವನನ್ನಾಗಿ ಮಾಡಿದ್ದು. ಅಂದ್ರೆ ನಾವೆಲ್ಲಾ ಇಷ್ಟಪಡೋ ಆ ಮೀಸೆ ಪ್ವಾರೋ ಮೂಲದಲ್ಲಿ ಒಬ್ಬ ನಿರಾಶ್ರಿತ! ಇವತ್ತು ಟಿವೀಲಿ ಗಂಟುಮೂಟೆ ಹೊತ್ತು ನಡ್ಕೊಂಡು ಹೋಗೋರನ್ನ ನೋಡ್ತೀವಲ್ಲ, ಅಂಥವರಲ್ಲೊಬ್ಬ. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬ್ ಬೀಳ್ತಿದ್ದ ಕಾಲದಲ್ಲಿ ಆಕೆ ಮತ್ತೆ ಆಸ್ಪತ್ರೆ ಡಿಸ್ಪೆನ್ಸರೀಲಿ ಕೆಲಸ ಮಾಡಿದ್ರು, ತಾನು ಸತ್ರೆ ಇರಲಿ ಅಂತ ಎರಡು ಕಾದಂಬರಿ ಬರೆದು ಭದ್ರವಾಗಿ ಎತ್ತಿಟ್ಟಿದ್ರು, ಅವು ಅಚ್ಚಾಗಿದ್ದು 1975, 1976ರಲ್ಲಿ. ಷರ್ಲಾಕ್ ಹೋಮ್ಸ್ ಜೊತೆಗಾರ ವಾಟ್ಸನ್ ಕೂಡ ಅಷ್ಟೇ, 1887ರ ಮೊದಲನೇ ಕಥೇಲಿ ಅವನು ಅಫ್ಘಾನಿಸ್ತಾನದ ಯುದ್ಧದಲ್ಲಿ ಗುಂಡೇಟು ತಿಂದು ವಾಪಸ್ ಬಂದಿರೋ ಡಾಕ್ಟರು. ಯುದ್ಧ ಈ ಕಥೆಗಳಿಗೆ ಹೊರಗಿನದಲ್ಲ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ ಅನ್ಸುತ್ತೆ. ಒಳ್ಳೆ ಪತ್ತೇದಾರಿ ಕಥೇಲಿ ಸಾಯೋದು ಸಾಮಾನ್ಯವಾಗಿ ಒಬ್ಬರು, ಆದ್ರೆ ಆ ಒಬ್ಬರಿಗೋಸ್ಕರ ಇನ್ನೂರು ಪುಟ. ಕೊನೇ ಸಲ ಯಾರ ಹತ್ರ ಮಾತಾಡಿದ್ರು, ರಾತ್ರಿ ಏನು ಊಟ ಮಾಡಿದ್ರು, ಬಾಗಿಲು ಯಾವ ಕಡೆಯಿಂದ ಬೀಗ ಹಾಕಿತ್ತು, ಎಲ್ಲಾನೂ ಕೇಳ್ತಾರೆ, ಉತ್ತರ ಸಿಗೋವರೆಗೂ ಬಿಡಲ್ಲ. ಸುದ್ದೀಲಿ ಏನಾಗುತ್ತೆ? ಸತ್ತವರ ಸಂಖ್ಯೆ ಕೆಳಗಡೆ ಪಟ್ಟೀಲಿ ಓಡುತ್ತೆ, ಅದರ ಹಿಂದೇನೇ ಚಿನ್ನದ ರೇಟು ಬರುತ್ತೆ. ಒಂದು ಜೀವ ಹೋದ್ರೆ ಯಾರು ಕಾರಣ ಅಂತ ಯಾರಾದ್ರೂ ಕೇಳಲೇಬೇಕು ಅನ್ನೋ ಹಠ ನಿಮ್ಮ ಕಥೆಗಳಲ್ಲಿದೆ, ನಿಮ್ಮ ಸಂಕಟಾನೂ ಅದೇ ಹಠದಿಂದ ಬರ್ತಿರೋದು. ಎರಡಕ್ಕೂ ಜಗಳ ಇಲ್ಲ. ಸುದ್ದಿ ನೋಡಿದ ತಕ್ಷಣ ಪುಸ್ತಕ ತೆಗೀಬೇಡಿ ಅಷ್ಟೇ, ನಡುವೆ ಒಂದು ಕಾಫಿ ಮಾಡ್ಕೊಳ್ಳಿ, ಗಿಡಕ್ಕೆ ನೀರು ಹಾಕಿ, ಮನಸ್ಸಿಗೆ ಸ್ವಲ್ಪ ಟೈಮ್ ಕೊಡಿ.

ಪ್ರಶ್ನೆ: ನಮ್ಮಪ್ಪ ಬೆಳಗ್ಗೆ ಕಾಫಿ ಕುಡಿಯಕೂ ಮುಂಚೆ ನ್ಯೂಸ್ ಚಾನಲ್ ಹಾಕ್ತರೆ, ರಾತ್ರಿ ಮನಿಕ್ಕೊಳೋಗಂಟ ಅದೇಯ. ನನ್ ತಮ್ಮ ದುಬೈಲವ್ನೆ, ಅದ್ಕೇ ಭಯ. ಬಿಪಿ ಜಾಸ್ತಿ ಆಗದೆ, ಟಿವಿ ಆಫ್ ಮಾಡುದ್ರೆ ಜಗಳಕ್ಕೇ ಬತ್ತರೆ. ಏನ್ ಮಾಡನ ಯೋಳಿ. (ಪಾಂಡವಪುರದ ಓದುಗರು)

ಉತ್ತರ: ಟಿವಿ ಆಫ್ ಮಾಡಕ್ಕೆ ಹೋಗ್ಬೇಡಿ ಅಣ್ಣ. ಮಗ ಅಲ್ಲಿದ್ದಾನೆ, ಅಪ್ಪನ ಭಯ ನಿಜವಾದ ಭಯ, ಅದನ್ನ ಚಟ ಅಂತ ಅಂದ್ರೆ ಅವರಿಗೆ ನೋವಾಗುತ್ತೆ. ಅವರಿಗೆ ಬೇಕಾಗಿರೋದು ಮಗನ ದನಿ, ಅದು ಸಿಗದೇ ಇರೋದಕ್ಕೆ ಟಿವಿ ಮುಂದೆ ಕೂತಿರೋದು. ದುಬೈ ಟೈಮು ನಮಗಿಂತ ಒಂದೂವರೆ ಗಂಟೆ ಹಿಂದೆ, ಅಲ್ಲಿ ಸಂಜೆ ಏಳೂವರೆ ಆದಾಗ ಇಲ್ಲಿ ಒಂಬತ್ತು. ತಮ್ಮನಿಗೆ ಹೇಳಿ, ಕೆಲಸ ಮುಗಿಸಿ ದಿನಾ ಅದೇ ಹೊತ್ತಿಗೆ ಎರಡೇ ಎರಡು ನಿಮಿಷ ವಿಡಿಯೋ ಕಾಲ್ ಮಾಡ್ಲಿ, ಅಪ್ಪನ ಹತ್ರಾನೇ ಮಾತಾಡ್ಲಿ. ಬೆಳಗ್ಗೆ ಎದ್ದಾಗ ಒಂದು ವಾಯ್ಸ್ ಮೆಸೇಜು. ಅದರ ಜೊತೆ ತಮ್ಮನ ಪಾಸ್‌ಪೋರ್ಟ್ ಕಾಪಿ, ಕಂಪನಿ ವಿಳಾಸ, ದುಬೈಲಿರೋ ಭಾರತದ ಕಾನ್ಸುಲೇಟ್ ನಂಬರು ಒಂದು ಹಾಳೇಲಿ ಬರೆದು ಅಪ್ಪನ ಕೈಗೇ ಕೊಡಿ. ವಿದೇಶಾಂಗ ಸಚಿವಾಲಯದ ಮದದ್ ಅನ್ನೋ ಪೋರ್ಟಲ್ ಇದೆ, ಏನಾದ್ರೂ ತೊಂದರೆ ಬಂದ್ರೆ ಇಲ್ಲಿರೋ ಮನೆಯವರೂ ಅದರಲ್ಲಿ ದೂರು ಹಾಕಬಹುದು. ಏನೂ ಮಾಡೋಕಾಗ್ತಿಲ್ವಲ್ಲಾ ಅನ್ನೋದೇ ಅರ್ಧ ಬಿಪಿ ಏರಿಸೋದು. ಮಾತ್ರೆ ವಿಷಯ ಮಾತ್ರ ಡಾಕ್ಟ್ರ ಹತ್ರ ಕೇಳಿ, ತಡ ಮಾಡ್ಬೇಡಿ.

ಆಮೇಲೆ ಒಂದು ರೇಡಿಯೋ ತಂದಿಡಿ, ನಿಜವಾಗ್ಲೂ ಹೇಳ್ತಿದ್ದೀನಿ. ಟಿವೀಲಿ ಅದೇ ಅರ್ಧ ನಿಮಿಷದ ವಿಡಿಯೋನ ಕೆಂಪು ಬಾಣ ಹಾಕಿ, ಮ್ಯೂಸಿಕ್ ಕೊಟ್ಟು ದಿನಪೂರ್ತಿ ತೋರಿಸ್ತಾರೆ, ಒಂದು ಬಾಂಬು ನೋಡೋರಿಗೆ ಐವತ್ತು ಬಾಂಬಾಗುತ್ತೆ. ಆಕಾಶವಾಣಿ ವಾರ್ತೆ ಶುರುವಾಗುತ್ತೆ, ಮುಗಿಯುತ್ತೆ. ಅದು ಮುಗಿದ್ಮೇಲೆ ಅಪ್ಪ ಎದ್ದು ನಾಲೆ ಕಡೆ ಒಂದ್ ರೌಂಡ್ ಹೋಗಿಬರಬಹುದು. ಅಂದಹಾಗೆ 1935ರಲ್ಲಿ ಮೈಸೂರಿನ ಒಂಟಿಕೊಪ್ಪಲಲ್ಲಿ ಮಹಾರಾಜಾ ಕಾಲೇಜಿನ ಸೈಕಾಲಜಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೇಲೇ ರೇಡಿಯೋ ಶುರು ಮಾಡಿದ್ರು, ಆಕಾಶವಾಣಿ ಅನ್ನೋ ಹೆಸರು ಅಲ್ಲಿಂದಾನೇ ಇಡೀ ದೇಶಕ್ಕೆ ಹೋಗಿದ್ದು.

ಪ್ರಶ್ನೆ: ಫ್ಯಾಮಿಲಿ ಗ್ರೂಪಲ್ಲಿ ದಿನಾ ಯುದ್ಧದ ವಿಡಿಯೋ ಬರ್ತವೆ. ಯಾವ್ದು ನಿಜ ಯಾವ್ದು ಸುಳ್ಳು ಗೊತ್ತಾಗಲ್ಲ. (ಸರಸ್ವತಿಪುರಂ, ಮೈಸೂರು)

ಉತ್ತರ: ಪತ್ತೇದಾರಿ ಓದಿರೋರಿಗೆ ಇದು ಹೊಸ ಕೆಲಸ ಏನಲ್ಲ. ವಿಡಿಯೋ ಯಾರು ತೆಗೆದಿದ್ದು, ಎಲ್ಲಿ, ಯಾವಾಗ, ಈ ಮೂರಕ್ಕೂ ಉತ್ತರ ಇಲ್ಲ ಅಂದ್ರೆ ಫಾರ್ವರ್ಡ್ ಮಾಡ್ಬೇಡಿ. ದನಿ ಮ್ಯೂಟ್ ಮಾಡಿ ನೋಡಿ, ಅರ್ಧ ಭಾವೋದ್ವೇಗ ಅಲ್ಲೇ ಇಳಿಯುತ್ತೆ, ಆಮೇಲೆ ಅಂಗಡಿ ಬೋರ್ಡು ಯಾವ ಭಾಷೇಲಿದೆ, ಕಾರಿನ ಸ್ಟೇರಿಂಗ್ ಯಾವ ಕಡೆಗಿದೆ, ಜನ ಸ್ವೆಟರ್ ಹಾಕಿದ್ದಾರಾ, ನೆರಳು ಹೇಗೆ ಬಿದ್ದಿದೆ ನೋಡಿ. ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೆ ಹಾಕಿದ್ರೆ ಎಷ್ಟೋ ಸಲ ಅದೇ ಚಿತ್ರ ಹಳೇ ವರ್ಷದ್ದು ಅಂತ ಸಿಕ್ಬಿಡುತ್ತೆ. ಆರ್ಮಾ 3 ಅನ್ನೋ ವಿಡಿಯೋ ಗೇಮಿನ ದೃಶ್ಯಗಳನ್ನ ಉಕ್ರೇನ್ ಯುದ್ಧದ್ದು ಅಂತ ಎಷ್ಟು ಹಂಚಿದ್ರು ಅಂದ್ರೆ 2022ರಲ್ಲಿ ಆ ಗೇಮ್ ಮಾಡಿದ ಕಂಪನಿಯೇ ಇದು ನಮ್ಮ ಗೇಮು, ಯುದ್ಧ ಅಲ್ಲ ಅಂತ ಹೇಳಬೇಕಾಯ್ತು. ಸುಳ್ಳು ವಿಡಿಯೋ ನಿಜವಾಗಿ ಸತ್ತವರಿಗೆ ಮಾಡೋ ಅನ್ಯಾಯ, ಆಮೇಲೆ ನಿಜವಾದದ್ದನ್ನೂ ಯಾರೂ ನಂಬಲ್ಲ. ಗ್ರೂಪಲ್ಲಿ ಹಾಕಿದ್ದು ನಿಮ್ಮ ದೊಡ್ಡಪ್ಪನೋ ಅತ್ತೆಯೋ ಆಗಿದ್ರೆ ಎಲ್ಲರ ಮುಂದೆ ತಪ್ಪು ಅನ್ಬೇಡಿ, ಬೇರೆ ಫೋನ್ ಮಾಡಿ ಹೇಳಿ.

ಪ್ರಶ್ನೆ: ಇಸ್ರೇಲ್ ಸುದ್ದೀಲಿ ಹೈಫಾ ಅಂತ ಊರಿನ ಹೆಸರು ಬರ್ತಾ ಇರುತ್ತೆ. ಅದಕ್ಕೂ ಮೈಸೂರಿಗೂ ಸಂಬಂಧ ಇದೆ ಅಂತ ನಮ್ಮ ತಾತ ಅಂತಾರೆ, ಹೌದಾ? (ಮಂಡ್ಯದ ಕಾಲೇಜು ವಿದ್ಯಾರ್ಥಿ)

ಉತ್ತರ: ಹೌದಪ್ಪ, ತಾತ ಸರಿಯಾಗೇ ಹೇಳಿದ್ದಾರೆ. 1918ರ ಸೆಪ್ಟೆಂಬರ್ 23ರಂದು ಆ ಊರನ್ನ ಒಟ್ಟೋಮನ್ ತುರ್ಕರ ಕೈಯಿಂದ ಬಿಡಿಸಿದ್ದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಅನ್ನೋ ಕುದುರೆ ಪಡೆಗಳು, ಒಂದನೇ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ, ಕುದುರೆ ಮೇಲೆ ಭರ್ಜಿ ಹಿಡ್ಕೊಂಡು. ಎದುರುಗಡೆ ಇದ್ದಿದ್ದು ಮೆಷಿನ್ ಗನ್ನು, ಫಿರಂಗಿ! ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳನ್ನ ಬಾಯಿ ಮುಚ್ಚಿಸೋಕೆ ಬೆಟ್ಟ ಹತ್ತಿದ್ದು ನಮ್ಮ ಮೈಸೂರಿನೋರು. ದೆಹಲಿ ತೀನ್ ಮೂರ್ತಿ ಸರ್ಕಲ್ಲಲ್ಲಿ ನಿಂತಿರೋ ಮೂರು ಸೈನಿಕರು ಮೈಸೂರು, ಜೋಧಪುರ, ಹೈದರಾಬಾದ್ ಲ್ಯಾನ್ಸರ್‌ಗಳ ನೆನಪಿಗೆ, 2018ರಲ್ಲಿ ಆ ಸರ್ಕಲ್ಲಿಗೆ ಹೈಫಾ ಹೆಸರೂ ಸೇರಿಸಿದ್ರು. ಓದುವಾಗ ಹೆಮ್ಮೆ ಆಗುತ್ತೆ, ಆಗ್ಲಿ. ಆದ್ರೆ ಯಾರದೋ ಸಾಮ್ರಾಜ್ಯಕ್ಕೋಸ್ಕರ ಅಷ್ಟು ದೂರ ಹೋಗಿ ಮಣ್ಣಾದ ಹುಡುಗರ ಮನೆಗಳಿಗೆ ಕಾಗದ ಬಂದ ದಿನಾನೂ ಇತ್ತಲ್ಲ, ಅದನ್ನೂ ತಾತನ ಹತ್ರ ಕೇಳು, ಅವರ ಊರಲ್ಲಿ ಯಾರಾದ್ರೂ ಆ ಕಾಲದ ಮಾತು ಹೇಳ್ತಿದ್ರಾ ಅಂತ. ಹೇಳಿದ್ದನ್ನ ಬರೆದಿಡು.

ಪ್ರಶ್ನೆ: ಹಳೇ ಪತ್ತೇದಾರಿ ಕಾದಂಬರಿಗಳೆಲ್ಲಾ ಸಾಹಿತ್ಯ ಅಲ್ಲ ಅಂತ ನಮ್ಮ ಕನ್ನಡ ಮೇಷ್ಟ್ರು ಹೇಳ್ತಾರೆ. ನಿಮ್ಮ ಅಭಿಪ್ರಾಯ? (ಶ್ರೀರಂಗಪಟ್ಟಣ)

ಉತ್ತರ: ಮೇಷ್ಟ್ರ ಮೇಲೆ ಗೌರವ ಇಟ್ಕೊಂಡೇ ಹೇಳ್ತೀನಿ, ನಾನು ಒಪ್ಪಲ್ಲ. ಎನ್. ನರಸಿಂಹಯ್ಯನವರು ಸ್ಕೂಲಿಗೆ ಹೋಗಿದ್ದು ಕಮ್ಮಿ, ಬರೆದಿದ್ದು ನೂರಾರು ಕಾದಂಬರಿ, ಅವರ ಪತ್ತೇದಾರ ಪುರುಷೋತ್ತಮನ ಮುಂದಿನ ಕಥೆ ಯಾವಾಗ ಬರುತ್ತೆ ಅಂತ ಲೈಬ್ರರೀಲಿ ಕಾಯ್ತಿದ್ದೋರಲ್ಲಿ ಎಷ್ಟೋ ಜನಕ್ಕೆ ಕನ್ನಡ ಓದೋ ರುಚಿ ಹತ್ತಿದ್ದೇ ಅಲ್ಲಿಂದ. 2011ರಲ್ಲಿ ಅವರು ತೀರಿಕೊಂಡಾಗ ಬೇಜಾರು ಮಾಡ್ಕೊಂಡಿದ್ದು ಆ ಓದುಗರು. ಬಂಗಾರದ ಮನುಷ್ಯ ಸಿನಿಮಾಗೆ ಕಥೆ ಕೊಟ್ಟ ಟಿ.ಕೆ. ರಾಮರಾಯರು ಕೂಡ ಪತ್ತೇದಾರಿ ಬರೆದವರೇ. ಭಾಷೆ ಎಲ್ಲಾ ಕಡೆ ಬಿಗಿಯಾಗಿಲ್ಲ, ಅದು ನಿಜ. ಓದಿಸಿಕೊಂಡು ಹೋಗೋದು ಸಣ್ಣ ವಿದ್ಯೆ ಅಲ್ಲ.

ಪ್ರಶ್ನೆ: ಐಟಿ ಕೆಲಸ, ಹವ್ಯಾಸಕ್ಕೆ ಟೈಮೇ ಇಲ್ಲ. ಏನಾದ್ರೂ ಹೇಳಿ. (ಹೆಬ್ಬಾಳ, ಮೈಸೂರು)

ಉತ್ತರ: ಭಾನುವಾರ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಫೋನ್ ಜೇಬಲ್ಲಿಟ್ಟು ನಡೀರಿ, ಯಾವ ಹಕ್ಕಿ ಕಂಡ್ವು ಅಂತ ಬರ್ಕೊಳ್ಳಿ. ಸಾಕು, ಅದೇ ಬೆಳೆಯುತ್ತೆ. ಆಮೇಲೆ ರಂಗನತಿಟ್ಟು ಇದೆ, ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿದೆ.

ಪ್ರಶ್ನೆ: ನಾನು ಎಂಟನೇ ಕ್ಲಾಸು. ತಾತ ತೀರ್ಕೊಂಡ್ಮೇಲೆ ಅವರ ಬಿಸ್ಕೆಟ್ ಡಬ್ಬೀಲಿ ತುಂಬಾ ಸ್ಟಾಂಪ್ ಸಿಕ್ತು, ಕೆಲವು ಇನ್ನೂ ಕವರ್ ತುಂಡಿಗೆ ಅಂಟಿವೆ. ಸಿಸಿಸಿಪಿ, ಡಿಡಿಆರ್, ಮ್ಯಾಗ್ಯಾರ್ ಪೋಸ್ಟಾ, ಹೆಲ್ವೆಟಿಯಾ ಅಂತೆಲ್ಲಾ ಇದೆ, ಇವು ಯಾವ ದೇಶ? ಹೇಗೆ ಬಿಡಿಸೋದು? (ಮಂಡ್ಯ)

ಉತ್ತರ: ಪುಟ್ಟಾ, ನಿನ್ನ ಪತ್ರ ಓದಿ ನನಗೆ ತುಂಬಾ ಖುಷಿಯಾಯ್ತು. ಹೆಲ್ವೆಟಿಯಾ ಅಂದ್ರೆ ಸ್ವಿಟ್ಜರ್ಲೆಂಡ್, ಮ್ಯಾಗ್ಯಾರ್ ಪೋಸ್ಟಾ ಹಂಗರಿ. ಡಿಡಿಆರ್ ಅಂದ್ರೆ ಪೂರ್ವ ಜರ್ಮನಿ, 1990ರ ಅಕ್ಟೋಬರ್ 3ಕ್ಕೆ ಎರಡೂ ಜರ್ಮನಿ ಒಂದಾದ್ಮೇಲೆ ಆ ದೇಶವೇ ಇಲ್ಲ. ಸಿಸಿಸಿಪಿ ಥರ ಕಾಣೋದು ರಷ್ಯನ್ ಅಕ್ಷರ, ಅದು ಸೋವಿಯತ್ ಒಕ್ಕೂಟ, 1991ರಲ್ಲಿ ಒಡೆದು 15 ದೇಶ ಆಯ್ತು. ಇವತ್ತು ಯುದ್ಧದಲ್ಲಿರೋ ರಷ್ಯಾ, ಉಕ್ರೇನ್ ಎರಡೂ ಅದರೊಳಗೇ ಇದ್ವು, ನಿನ್ನ ಡಬ್ಬೀಲಿರೋ ಆ ಸ್ಟಾಂಪು ಎರಡೂ ಕಡೆ ಮನೆಗಳಿಗೂ ಕಾಗದ ತಲುಪಿಸ್ತಿತ್ತು. ದೇಶದ ಹೆಸರೇ ಇಲ್ಲದೆ ರಾಜನೋ ರಾಣಿಯೋ ಮುಖ ಇದ್ರೆ ಅದು ಹೆಚ್ಚಾಗಿ ಬ್ರಿಟನ್, 1840ರಲ್ಲಿ ಮೊದಲು ಸ್ಟಾಂಪು ತಂದೋರು ಅವರೇ, ಅದಕ್ಕೇ ಅವರು ಹೆಸರು ಹಾಕಲ್ಲ. ಜರ್ಮನಿಯ 1923ರ ಸ್ಟಾಂಪು ಏನಾದ್ರೂ ಸಿಕ್ರೆ ಅದರ ಬೆಲೆ ನೋಡು, ಲಕ್ಷಗಟ್ಟಲೆ, ಕೋಟಿಗಟ್ಟಲೆ ಮಾರ್ಕ್ (ಆಗಿನ ಅವರ ದುಡ್ಡು) ಅಂತ ಇರುತ್ತೆ, ಅಷ್ಟು ಬೆಲೆ ಏರಿತ್ತು ಆಗ, ಹಳೇ ಸ್ಟಾಂಪಿನ ಮೇಲೇ ಹೊಸ ಬೆಲೆ ಅಚ್ಚು ಹೊಡೀತಿದ್ರು. ಇತಿಹಾಸದ ಪಾಠ ಓದುವಾಗ ಇವನ್ನ ಪಕ್ಕದಲ್ಲಿಟ್ಕೋ.

ಬಿಡಿಸೋದು ಹೀಗೆ. ಮೊದಲು ಕವರ್ ತುಂಡಿನ ಮೇಲೆ ಊರಿನ ಸೀಲು, ತಾರೀಕು ಚೆನ್ನಾಗಿ ಕಾಣ್ತಿದ್ರೆ ಅದನ್ನ ಬಿಡಿಸಲೇಬೇಡ, ಹಾಗೇ ಇರಲಿ. ಉಳಿದವನ್ನ ಸ್ಟಾಂಪ್ ಸುತ್ತ ಬೆರಳಗಲ ಕಾಗದ ಬಿಟ್ಟು ಕತ್ತರಿಸಿ, ತಟ್ಟೇಲಿ ಉಗುರು ಬೆಚ್ಚಗಿನ ನೀರು ಹಾಕಿ, ಚಿತ್ರ ಮೇಲೆ ಬರೋ ಹಾಗೆ ತೇಲಿಬಿಡು. ಕೆಂಪು, ಹಸಿರು ಬಣ್ಣದ ಕವರ್ ಇದ್ರೆ ಬೇರೆ ತಟ್ಟೆ, ಬಣ್ಣ ಬಿಟ್ಟು ಎಲ್ಲಾ ಸ್ಟಾಂಪೂ ಕೆಡುತ್ತೆ. ಹದಿನೈದಿಪ್ಪತ್ತು ನಿಮಿಷಕ್ಕೆ ಸ್ಟಾಂಪು ತಾನಾಗೇ ಜಾರುತ್ತೆ, ಜಾರದಿದ್ರೆ ಎಳೀಬೇಡ, ಇನ್ನೂ ಸ್ವಲ್ಪ ಬಿಡು. ಹಿಂದಿನ ಅಂಟು ಹೋಗೋ ಹಾಗೆ ಬೇರೆ ನೀರಲ್ಲಿ ಒಂದ್ಸಲ ಅದ್ದಿ, ಅಚ್ಚಿಲ್ಲದ ಬಿಳಿ ಹಾಳೆ ಮೇಲೆ ಮುಖ ಕೆಳಗೆ ಮಾಡಿ ನೆರಳಲ್ಲಿ ಒಣಗಿಸು, ಬಿಸಿಲಲ್ಲಿ ಬೇಡ. ನ್ಯೂಸ್ ಪೇಪರೂ ಬೇಡ, ಶಾಯಿ ಹತ್ಕೊಳ್ಳುತ್ತೆ. ಒಣಗಿದ್ಮೇಲೆ ಮುದುರಿರುತ್ತೆ, ದಪ್ಪ ಡಿಕ್ಷನರಿ ಮಧ್ಯೆ ಒಂದು ರಾತ್ರಿ ಇಟ್ರೆ ಸರಿಹೋಗುತ್ತೆ. ಈಗಿನ ಸ್ಟಿಕ್ಕರ್ ಥರದ ಸ್ಟಾಂಪುಗಳು ಎಷ್ಟೋ ನೀರಿಗೆ ಬಿಡಲ್ಲ, ಅವನ್ನ ಕಾಗದ ಸಮೇತ ಇಟ್ಕೋ. ಗಮ್ಮು, ಸೆಲ್ಲೋಟೇಪು ಮಾತ್ರ ಯಾವತ್ತೂ ಮುಟ್ಟಿಸಬೇಡ.

ಅಮ್ಮನಿಗೆ ಹೇಳಿ ಒಂದು ಸ್ಟಾಕ್ ಬುಕ್, ಅಂದ್ರೆ ಅಂಟಿಸದೆ ಸ್ಟಾಂಪ್ ಸಿಕ್ಕಿಸಿಡೋ ಪುಸ್ತಕ, ತರಿಸ್ಕೋ, ಅದು ಬರೋವರೆಗೂ ಡಬ್ಬೀಲೇ ಒಣಗಿದ ಜಾಗದಲ್ಲಿ ಇರಲಿ. ಕವರ್ ತುಂಡಲ್ಲಿ ತಾತನ ಹೆಸರು ವಿಳಾಸ ಬರೆದಿದ್ರೆ ಅದನ್ನ ಎಸೀಬೇಡ. ಯಾರು ಅವರಿಗೆ ಹಂಗರಿಯಿಂದ ಕಾಗದ ಬರೀತಿದ್ರು ಅಂತ ಮನೇಲಿ ಎಲ್ಲರನ್ನೂ ಕೇಳು, ಗೊತ್ತಾದ್ರೆ ನನಗೂ ಬರಿ.