ಬಾಡ್ ಲೌಖ್‌ಷ್ಟೆಟ್‌ನ ಗಯಟೆ ರಂಗಮಂದಿರದ ಮೇಲೆ ಪ್ರಬಂಧ ಬರೆಯೋಕೆ ಪುಸ್ತಕ ಸಾಕಾ, ಹೋಗಿ ನೋಡಲೇಬೇಕಾ?

ಜರ್ಮನಿಯ ಹಾಲೆಯಲ್ಲಿ ಓದ್ತಾ ಇದ್ದೀನಿ, "ಗಯಟೆ ಕಲೆಗಾಗಿ ಕಟ್ಟಿಸಿದ ಆದರ್ಶ ರಂಗಮಂದಿರ" ಅನ್ನೋದು ವಿಷಯ, ಲೈಬ್ರರಿಯಲ್ಲೇ ಮುಗಿಸಬಹುದಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ಜೊತೆಗೆ ಸ್ವಲ್ಪ ಹೊಟ್ಟೆಯೂ ಉರೀತು. ನಾನೂ ಅಲ್ಲೇ ಓದಿದವನು. ವಿಷಯವೂ ಹೆಚ್ಚುಕಡಿಮೆ ಇದೇ. "ಲೈಬ್ರರಿ ಸಾಕು" ಅಂತ ನನಗೆ ನಾನೇ ಹೇಳಿಕೊಂಡು ಒಂದು ಸೆಮಿಸ್ಟರ್ ಕಳ್ಕೊಂಡೆ.

ಲೌಖ್‌ಷ್ಟೆಟ್ ಹಾಲೆಯಿಂದ ಹದಿನೈದು ಕಿಲೋಮೀಟರ್ ಅಷ್ಟೆ. ಅಷ್ಟು ಹತ್ತಿರ ಇದ್ದದ್ದೇ ನನಗೆ ಮುಳುವಾಯ್ತು. ನಾಳೆ ಹೋದರಾಯ್ತು, ಮುಂದಿನ ವಾರ ಹೋದರಾಯ್ತು ಅಂತ ಮುಂದೂಡಿದೆ. ಆಮೇಲೆ ಚಳಿಗಾಲ ಬಂತು, ಪ್ರಬಂಧ ಒಪ್ಪಿಸೋ ದಿನವೂ ಬಂತು. ಹೋಗದೇನೇ ನಲವತ್ತು ಪುಟ ಬರೆದೆ.

ತಪ್ಪು ಏನಾಯ್ತು ಅಂತ ಬಿಡಿಸಿ ಹೇಳ್ತೀನಿ, ಇದರಲ್ಲೇ ಎಲ್ಲ ಇದೆ. ಆ ರಂಗಮಂದಿರ ಶುರುವಾಗಿದ್ದು 1802ರ ಜೂನ್ 26ಕ್ಕೆ. ಆ ಸಂಜೆಗೆ ಅಂತಲೇ ಜರ್ಮನ್ ಕವಿ, ನಾಟಕಕಾರ ಗಯಟೆ "ವಾಸ್ ವಿರ್ ಬ್ರಿಂಗೆನ್", ಅಂದರೆ "ನಾವು ತಂದದ್ದು", ಅನ್ನೋ ಪುಟ್ಟ ನಾಟಕ ಬರೆದ. ಅದಾದ ಮೇಲೆ ಮೋಟ್ಸಾರ್ಟ್‌ನ "ಟಿಟುಸ್" ಆಪೆರಾ. ಗಯಟೆಯ ನಾಟಕದಲ್ಲಿ ಹಳ್ಳಿಯ ಮುದುಕ ಮುದುಕಿಯ ಬಡ ಮನೆಯೊಂದು ವೈಭವದ ಸಭಾಂಗಣವಾಗಿ ಬದಲಾಗುತ್ತೆ. ಅಲ್ಲಿನ ರಂಗಸೂಚನೆಯನ್ನ ನಾನು "ಪರದೆ ಬಿತ್ತು, ಸೀನು ಬದಲಾಯ್ತು, ಪರದೆ ಎದ್ದಿತು" ಅಂತ ಓದಿಕೊಂಡೆ. ಪುಸ್ತಕದಲ್ಲಿ ಪರದೆಯ ಮಾತೇ ಇರಲಿಲ್ಲ, ನಾನೇ ಇಳಿಬಿಟ್ಟೆ! ಸಾಲದ್ದಕ್ಕೆ, ಆ ಇಲ್ಲದ ಪರದೆಯ ಮೇಲೆ ಒಂದು ಅಧ್ಯಾಯವನ್ನೇ ಕಟ್ಟಿದೆ: ಗಯಟೆ ಪ್ರೇಕ್ಷಕನಿಗೆ ಯೋಚಿಸೋಕೆ ಬಿಡುವು ಕೊಟ್ಟ, ಅದೇ ಅವನ ಶಾಸ್ತ್ರೀಯ ಶಾಂತಿ, ಹಾಗೆ, ಹೀಗೆ.

ಮೇಡಂ ಓದಿ ಕೇಳಿದ್ದು ಒಂದೇ ಪ್ರಶ್ನೆ: "ವೇದಿಕೆಯ ಕೆಳಗೆ ಇಳಿದಿದ್ದೀರಾ?"

ಇಳಿದಿರಲಿಲ್ಲ. ಮೇ ತಿಂಗಳಲ್ಲಿ ಹೋಗಿ ಇಳಿದೆ. ವೇದಿಕೆಯ ಅಡಿಯಲ್ಲಿ ಪೂರಾ ಮರದ ಯಂತ್ರ. ಬಾವಿಯ ರಾಟೆಯನ್ನ ಹತ್ತು ಪಟ್ಟು ದೊಡ್ಡದು ಮಾಡಿ ಅಡ್ಡ ಮಲಗಿಸಿದ ಹಾಗೆ ಒಂದು ದಿಂಡು, ಅದಕ್ಕೆ ಸುತ್ತಿದ ಹಗ್ಗಗಳು. ದಿಂಡು ತಿರುಗಿದರೆ ಎರಡೂ ಬದಿಯ ವಿಂಗ್ಸ್, ಅಂದರೆ ಬಣ್ಣ ಬಳಿದ ಪಕ್ಕದ ಚೌಕಟ್ಟುಗಳು, ಒಟ್ಟಿಗೇ ಹಿಂದೆ ಸರಿದು, ಅದೇ ಜಾಗಕ್ಕೆ ಬೇರೆ ವಿಂಗ್ಸ್ ಬರುತ್ತವೆ. ಪರದೆ ಬೇಡ, ಬಿಡುವೂ ಬೇಡ. ಪ್ರೇಕ್ಷಕ ಕಣ್ಣು ಬಿಟ್ಟುಕೊಂಡು ನೋಡ್ತಿರುವಾಗಲೇ ಗುಡಿಸಲು ಅರಮನೆ ಆಗುತ್ತೆ. ನಮ್ಮ ಕಂಪನಿ ನಾಟಕದ ಟ್ರಾನ್ಸ್‌ಫರ್ ಸೀನು ನೆನಪಿಸಿಕೊಳ್ಳಿ, ಜನ ಶಿಳ್ಳೆ ಹೊಡೀತಿದ್ದದ್ದು ಅದಕ್ಕೇ ತಾನೇ? ನನ್ನ ಶಾಸ್ತ್ರೀಯ ಶಾಂತಿ ಅಲ್ಲೇ ಮಣ್ಣುಪಾಲಾಯ್ತು.

ಹಾಗಾಗಿ ನಿಮ್ಮ "ಆದರ್ಶ ರಂಗಮಂದಿರ"ವನ್ನೂ ನಾನು ಒಪ್ಪಲ್ಲ. ಅದು ಕ್ಯಾಂಪು ಥಿಯೇಟರು. ಲೌಖ್‌ಷ್ಟೆಟ್ ಊಟೆಯ ನೀರಿಗೆ ಹೆಸರಾದ ಊರು, ಬೇಸಿಗೆಗೆ ಸಿರಿವಂತರು ಮೀಯೋಕೆ, ಕುಡಿಯೋಕೆ, ಕುಣಿಯೋಕೆ ಬರ್ತಿದ್ರು. ಗಯಟೆಯ ಸಂಗಾತಿ ಕ್ರಿಸ್ಟಿಯಾನೆ ಕೂಡ ಬಂದು ಮನಸಾರೆ ಕುಣಿದು, ಅದನ್ನೆಲ್ಲ ಅವನಿಗೆ ಕಾಗದ ಬರೀತಿದ್ದಳು. 1791ರಲ್ಲಿ ವೈಮಾರ್ ಆಸ್ಥಾನದ ರಂಗಮಂದಿರ ಗಯಟೆಯ ಕೈಗೆ ಬಂದಾಗ, ಬೇಸಿಗೆಯ ಕಲೆಕ್ಷನ್‌ಗೆ ತಂಡ ಇಲ್ಲಿ ಬಂದು ಬಿಡಾರ ಹೂಡೋಕೆ ಶುರುಮಾಡ್ತು. ಹಾಲೆಯ ವಿದ್ಯಾರ್ಥಿಗಳು ಹಿಂಡುಹಿಂಡಾಗಿ ಬರ್ತಿದ್ರು (ನಮಗಿಂತ ಅವರೇ ವಾಸಿ). ಹಳೇ ಮರದ ಕೊಟ್ಟಿಗೆಯಂಥ ಕಟ್ಟಡ ಆ ಜನಕ್ಕೆ ಸಾಲದೆ ಹೊಸದು ಬಂತು. ನಕ್ಷೆ ಬರ್ಲಿನ್‌ನ ಹೈನ್‌ರಿಖ್ ಗೆಂಟ್ಸ್‌ನದು, ಕಟ್ಟಿದ್ದು ಕೆಲವೇ ತಿಂಗಳಲ್ಲಿ. ಅಂದರೆ ಆ ಮೊದಲ ರಾತ್ರಿಯ ಗುಡಿಸಲು ಇದೇ ಹಳೇ ಕೊಟ್ಟಿಗೆ, ಸಭಾಂಗಣ ಇದೇ ಹೊಸ ಕಟ್ಟಡ. ಗಯಟೆ ತನ್ನ ಥಿಯೇಟರಿಗೆ ತಾನೇ ಜಾಹೀರಾತು ಬರೆದ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಅವಸರದಲ್ಲಿ ಎದ್ದ ಕಟ್ಟಡ ಅನ್ನೋದಕ್ಕೆ ಷಿಲ್ಲರ್‌ನೇ ಸಾಕ್ಷಿ. 1803ರ ಜುಲೈನಲ್ಲಿ ತನ್ನ "ಮೆಸ್ಸೀನಾದ ವಧು" ನಾಟಕಕ್ಕೆ ಅವನೂ ಬಂದು ಕೂತಿದ್ದ. ಗುಡುಗು ಮಳೆ ಶುರುವಾಗಿ ಚಾವಣಿಯ ಸದ್ದಿಗೆ ನಟರ ಮಾತು ಕೇಳಿಸದೇ ಹೋಯ್ತು, ಮೇಳದವರು ಮೋಡ ಕವಿಯೋ ಮಾತು ಆಡುವಾಗಲೇ ಸರಿಯಾಗಿ ಸಿಡಿಲು ಹೊಡೀತು ಅಂತ ಹೆಂಡತಿಗೆ ಬರೆದಿದ್ದಾನೆ. ನಾನು ಹೋದ ದಿನ ಸಣ್ಣ ಜಡಿಮಳೆ ಇತ್ತು. ಡೇರೆಯ ಹಾಗೆ ಬಾಗಿದ ಚಾವಣಿಯ ಕೆಳಗೆ, ಖಾಲಿ ಬೆಂಚಿನ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತು ಕೇಳಿಸಿಕೊಂಡೆ.

ವೈಮಾರ್ ತಂಡ 1811ರ ತನಕ ಬಂತು. ಆಮೇಲೆ ಊರಿನ ಭಾಗ್ಯ ಇಳೀತು. 1834ರಲ್ಲಿ ಮುಂದೆ ಆಪೆರಾ ಸಂಯೋಜಕನಾಗಿ ಹೆಸರಾದ ವಾಗ್ನರ್, ಆಗ ಇಪ್ಪತ್ತೊಂದರ ಹುಡುಗ, ಇಲ್ಲಿಗೆ ಬಂದ. ತಂಡದ ಅವಸ್ಥೆ ನೋಡಿ ವಾಪಸ್ ಹೊರಡೋನಿದ್ದ, ಅಷ್ಟರಲ್ಲಿ ನಟಿ ಮಿನ್ನಾ ಪ್ಲಾನರ್ ಕಣ್ಣಿಗೆ ಬಿದ್ದಳು. ಉಳಿದ, ಮೋಟ್ಸಾರ್ಟ್‌ನ "ಡಾನ್ ಜುವಾನ್"ಗೆ ವಾದ್ಯವೃಂದ ನಡೆಸಿದ, ಮುಂದೆ ಅವಳನ್ನೇ ಮದುವೆಯಾದ. ಕಟ್ಟಡವನ್ನ 1908ರಲ್ಲಿ ಒಮ್ಮೆ, 1960ರ ದಶಕದಲ್ಲಿ ಇನ್ನೊಮ್ಮೆ ದುರಸ್ತಿ ಮಾಡಿದರು. ಈಗಲೂ ಬೇಸಿಗೆಯಲ್ಲಿ ಆಪೆರಾ ನಡೆಯುತ್ತೆ.

"ವೈಮಾರ್‌ಗೇ ಹೋದರೆ ಆಗಲ್ವಾ" ಅಂತ ಕೊನೇಲಿ ಕೇಳಿದ್ದೀರಿ. ಗಯಟೆ ನಡೆಸಿದ ವೈಮಾರ್ ಥಿಯೇಟರ್ 1825ರಲ್ಲೇ ಸುಟ್ಟುಹೋಯ್ತು. ಅವನು ನಡೆಸಿದ ವೇದಿಕೆ ಅಂತ ಮುಟ್ಟಿ ನೋಡೋಕೆ ಸಿಗೋದು ಲೌಖ್‌ಷ್ಟೆಟ್‌ನಲ್ಲೇ. ತೆರೆದಿರೋ ಹೊತ್ತು ಮೊದಲೇ ವಿಚಾರಿಸಿಕೊಳ್ಳಿ, ಗೈಡ್ ಹತ್ತಿರ "ಕೆಳಗಡೆ ತೋರಿಸಿ" ಅಂತ ಬಾಯಿಬಿಟ್ಟು ಕೇಳಿ. ಬಗ್ಗಿ ನಡೀಬೇಕು. ನನ್ನ ಹಣೆಗೆ ತೊಲೆ ಬಡಿದಿತ್ತು, ನೀವು ಜೋಪಾನ.