ಆಯೋಗಕ್ಕೆ ಕಾಯಬೇಡಿ, ಅಪೀಲಿನ ವಾಯಿದೆ ನೋಡಿ

ಮಂಡ್ಯ ಸೆಷನ್ಸ್ ಕೋರ್ಟಿನಲ್ಲಿ ಜೀವಾವಧಿ ಶಿಕ್ಷೆಯಾಗಿ ಮೈಸೂರು ಜೈಲಿನಲ್ಲಿರುವ ನಿಮ್ಮ ತಮ್ಮನ ಕೇಸನ್ನು ಸ್ವತಂತ್ರ ಆಯೋಗದಿಂದ ಮರುಪರಿಶೀಲನೆ ಮಾಡಿಸಬಹುದೇ ಎಂದು ಕೇಳಿದ್ದೀರಿ. ಅಂಥ ಆಯೋಗ ನಮ್ಮಲ್ಲಿ ಇಲ್ಲ. ಇಂಗ್ಲೆಂಡಿನಲ್ಲಿ 1997ರಿಂದಲೇ ಇದೆ. ಸರ್ಕಾರಕ್ಕೆ ಕಾನೂನು ಸುಧಾರಣೆಯ ಸಲಹೆ ಕೊಡುವ ನಮ್ಮ ಕಾನೂನು ಆಯೋಗದ 2018ರ 277ನೇ ವರದಿಯೂ ಮಾತಾಡಿದ್ದು ಮುಖ್ಯವಾಗಿ ತಪ್ಪು ಮೊಕದ್ದಮೆಗೆ ಸಿಕ್ಕವರಿಗೆ ಕೊಡುವ ಪರಿಹಾರದ ಬಗ್ಗೆ. ಮರುಪರಿಶೀಲನೆಯ ಆಯೋಗ ಇಲ್ಲದಿರುವುದು ನಿರಪರಾಧಿಗಳಿಗೆ ದೊಡ್ಡ ಅನ್ಯಾಯವೇ.

ಹೈಕೋರ್ಟಿಗೆ ಅಪೀಲು ಹಾಕಲು 60 ದಿನ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳು ಲೆಕ್ಕಕ್ಕಿಲ್ಲ. ವಾಯಿದೆ ಮೀರಿದ್ದರೂ ಕೈಚೆಲ್ಲಬೇಡಿ, ಕಾರಣ ಬರೆದು ವಿಳಂಬ ಮನ್ನಾ ಅರ್ಜಿ ಸೇರಿಸಿ. ನಿಮ್ಮ ತಮ್ಮ ಜೈಲು ಅಧಿಕಾರಿಯ ಮೂಲಕವೇ ಅಪೀಲು ಕಳಿಸಬಹುದು. ಜೈಲಿನಲ್ಲಿರುವವರಿಗೆ ಆದಾಯ ನೋಡದೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ಬಹಳ ಮನೆಯವರು ಎಡವುವುದು ಇಲ್ಲಿ: ಅಪೀಲು ಹಾಕಿದ ಮಾತ್ರಕ್ಕೆ ಬಿಡುಗಡೆ ಸಿಗದು, ಶಿಕ್ಷೆ ಅಮಾನತಿಗೆ, ಅಂದರೆ ಅಪೀಲು ಮುಗಿಯುವವರೆಗೆ ಶಿಕ್ಷೆ ತಡೆಹಿಡಿಯಲು, ಪ್ರತ್ಯೇಕ ಅರ್ಜಿ ಬೇಕು.